ಅರ್ಧ ಲೋಟ ಕಾಫಿ

ಚಾಮರಾಜಪೇಟೆಯ ನಮ್ಮ ಜೆರಾಕ್ಸ್ ಅಂಗಡಿಯವನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಕುಡಿತ ಬಿಟ್ಟಾಗಿನಿಂದ ದಿನಾ ಬೆಳಿಗ್ಗೆ ದರ್ಶಿನಿಯ ಮುಂದೆ ನನಗಾಗಿ ಕಾಯುತ್ತಿದ್ದ. "ಬೈಟು ಹೇಳೋಣ ಸಾರ್, ನಂಗೆ ಅರ್ಧ ಸಾಕು" ಎನ್ನುತ್ತಿದ್ದ. ಆ ಅರ್ಧ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಕಡೆ ತಿರುಗಿ ಕುಡಿಯುತ್ತಿದ್ದ. ಜಿಪುಣ ಎಂದುಕೊಂಡಿದ್ದೆ.

ಕುಡಿತ ಬಿಟ್ಟ ಹನ್ನೊಂದನೇ ದಿನ, ಆ ಖುಷಿಗೆಂದು ನಾನೇ ಫುಲ್ ಕಾಫಿ ಕೊಡಿಸಿದೆ. ಲೋಟ ಎತ್ತಿದ್ದೇ ಕೈ ನಡುಗಿ, ಕಾಫಿಯೆಲ್ಲ ಅಂಗಿಯ ಮೇಲೆ ಚೆಲ್ಲಿತು. "ಬೆಳಬೆಳಿಗ್ಗೆನೇ ಹಾಕ್ಕೊಂಡ್ ಬಂದಿದಾನೆ" ಎಂದು ಪಕ್ಕದವರು ನಕ್ಕರು. ಅರ್ಧವನ್ನೇ ಯಾಕೆ ಕೇಳುತ್ತಿದ್ದ ಎಂದು ನನಗೆ ಆಗ ಹೊಳೆಯಿತು. ಅವನು ಲೋಟ ಇಟ್ಟು ಹೊರಟುಹೋದ.

ವಾರದ ಮೇಲೆ ಬಂದವನು ತಾನೇ ಫುಲ್ ಕಾಫಿ ತೆಗೆದುಕೊಂಡು, ಒಂದೇ ಕೈಯಲ್ಲಿ ಎತ್ತಿದ. ಒಂದು ಹನಿಯೂ ಚೆಲ್ಲಲಿಲ್ಲ.

"ನೋಡಿ ಸಾರ್, ಈಗ ಕೈ ನಡುಗಲ್ಲ" ಎಂದ. ಬಾಯಿ ಬ್ರಾಂದಿ ನಾರುತ್ತಿತ್ತು.