ಕೇಳಲು ಕಲಿತ ಹಸೀನಾ ಟೀಚರ್

ಹಸೀನಾ ಟೀಚರ್ ಮಾನ್ವಿ ಊರಿನಲ್ಲಿದ್ದ ತಮ್ಮ ಮನೆಯ ಕಟ್ಟೆಯ ಮೇಲೆ ಕಣ್ಣು ಮುಚ್ಚಿ, ತೊಡೆಯ ಮೇಲೆ ಪಾಟಿ ಇಟ್ಟುಕೊಂಡು ಕೂತಿರುತ್ತಿದ್ದರು. ನಾನು ಒಂದೊಂದೇ ಪದ ಹೇಳಬೇಕು, ಅವರು ಬರೆಯಬೇಕು. ಚಿಕ್ಕಂದಿನಲ್ಲಿ ದೇವದುರ್ಗದ ಶಾಲೆಯಲ್ಲಿ ನನಗೆ ಉಕ್ತಲೇಖನ ಹೇಳಿಕೊಟ್ಟವರು ಅವರೇ.

ನಿವೃತ್ತರಾದ ಮೇಲೆ ಬಂದ ಒಂದು ಕೆಟ್ಟ ಜ್ವರದಲ್ಲಿ ಅವರ ಎರಡೂ ಕಿವಿ ಹೋದವು. ಕೆಲಕಾಲ ತುಟಿ ನೋಡಿ ಮಾತು ಊಹಿಸಿದರು. ಕೊನೆಗೆ ಹೈದರಾಬಾದಿನಲ್ಲಿ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ, ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಕೇಳಿಸುವ ಸಾಧನ ಕೂರಿಸಿದರು. ಗಾಯ ಮಾಗಿ, ಕಿವಿಯ ಹಿಂದೆ ಹಾಕುವ ಅದರ ಹೊರಗಿನ ಯಂತ್ರ ಚಾಲೂ ಮಾಡಿದ ದಿನ ನಾನೂ ಜೊತೆಗಿದ್ದೆ. ಅವರ ತಂಗಿ ಜುಬೇದಾ “ಆಪಾ” ಎಂದು ಅಕ್ಕನನ್ನು ಕರೆದಳು. ಟೀಚರ್ ಮುಖ ಕಿವುಚಿ ನನ್ನತ್ತ ತಿರುಗಿದರು.

“ಇದು ಜುಬೇದಾ ಅಲ್ಲ. ಯಾರೋ ತಗಡಿನ ಡಬ್ಬಿಯೊಳಗ ಕುಂತು ಕೂಗಾಕತ್ತಾರ.”

ಜುಬೇದಾ ಹೊರಗೆ ಹೋಗಿ ಅತ್ತಳು. ಊರಿಗೆ ಬಂದದ್ದೇ ಟೀಚರ್ ಯಂತ್ರವನ್ನು ಅಲಮಾರಿಗೆ ಸೇರಿಸಿದರು. ನಾವು ಕಾಡಿ ಬೇಡಿ ರಾಯಚೂರಿಗೆ, ಮಾತು ಕೇಳುವ ತರಬೇತಿ ಕೊಡುವ ಹುಡುಗಿಯ ಹತ್ತಿರ ಕರೆದೊಯ್ದೆವು. ಅವಳು ಕಾಗದದ ಮೇಲೆ ಬರೆದು ತೋರಿಸಿದಳು: “ಯಂತ್ರ ಬರೇ ಸದ್ದು ಕೊಡತದ್ರೀ ಟೀಚರ್. ಅದು ಏನಂತ ಮೆದುಳು ಕಲೀಬೇಕು. ತೆಗೆದಿಟ್ರ ಕಲಿಯಂಗಿಲ್ಲ.”

ಬರುವಾಗ ಟೀಚರ್ ತಾವೇ ಅಂಗಡಿಗೆ ನುಗ್ಗಿ ಪಾಟಿ ಕೊಂಡರು.

“ಕಣ್ಣು ತೆರೆದ್ರ ನಿನ್ನ ತುಟಿ ನೋಡಿ ಕಾಪಿ ಹೊಡೀತೀನಿ ಬೇ,” ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ತೆರೆದು ಬರೆಯುತ್ತಿದ್ದರು. ನಾನು ‘ಬುಟ್ಟಿ’ ಎಂದರೆ ಪಾಟಿಯಲ್ಲಿ ‘ರೊಟ್ಟಿ’. “ನಾಪಾಸ್!” ಎಂದು ತಾವೇ ಅಡ್ಡಗೆರೆ ಎಳೆಯುತ್ತಿದ್ದರು.

ತಿಂಗಳುಗಳು ಹೋದಂತೆ ಮೊದಲು ಕುಕ್ಕರಿನ ಸೀಟಿ, ಆಮೇಲೆ ಪದ, ಆಮೇಲೆ ಇಡೀ ವಾಕ್ಯ ಹಿಡಿತಕ್ಕೆ ಬಂದವು. ಹಾಡು ಮಾತ್ರ ಕೊನೆಯವರೆಗೂ ಗದ್ದಲವಾಗಿಯೇ ಉಳಿಯಿತು. ಮದುವೆಮನೆಯಲ್ಲಿ ಬ್ಯಾಂಡು ಶುರುವಾದರೆ ಯಂತ್ರ ತೆಗೆದು ಪರ್ಸಿಗೆ ಹಾಕಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಒಳಗೆ ಬದನೆಕಾಯಿ ಹೆಚ್ಚುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿದರು. ಬಾಗಿಲಾಚೆ ಯಾರೋ ಹಾಲಿನವನನ್ನು ಬೈಯುತ್ತಿದ್ದರು.

“ಜುಬೇದಾ ಬಂದಾಳಲ್ಲ?”

ಅವಳು ಬರುವ ಸುದ್ದಿ ನನಗೂ ಗೊತ್ತಿರಲಿಲ್ಲ. ಒಳಗೆ ಬಂದ ತಂಗಿಯ ಕೈ ಹಿಡಿದು ಟೀಚರ್, “ಬೋಲ್, ಔರ್ ಬೋಲ್,” ಎಂದರು. ಮಾತಾಡು, ಇನ್ನೂ ಮಾತಾಡು. ಜುಬೇದಾ ಬಸ್ಸಿನ ನೂಕುನುಗ್ಗಲು, ಹಾಲಿನವನು ಬೆರೆಸುವ ನೀರು, ಏನೇನೋ ಹೇಳುತ್ತ ಹೋದಳು. ಅಂದು ಅಡುಗೆ ತಡವಾಯಿತು.

ಟೀಚರ್ ಕಳೆದ ವರ್ಷ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಅದಕ್ಕೆ ಕೆಲವು ದಿನ ಮುಂಚೆ, ದೇವದುರ್ಗಕ್ಕೆ ಹೋಗಿದ್ದ ನಾನು ಅಲ್ಲಿಂದ ಫೋನ್ ಮಾಡಿದ್ದೆ. ಹೆಸರು ಹೇಳದೆ, “ಹೆಂಗದೀರಿ?” ಎಂದಷ್ಟೇ ಕೇಳಿದೆ.

“ನಂದು ಇರಲಿ. ನಿನಗ ನೆಗಡಿ ಆಗ್ಯಾದ,” ಎಂದರು. “ಬಿಸಿನೀರು ಕುಡಿ. ಮೂಗು ಬಿಟ್ಟ ಮ್ಯಾಲ ಮಾತಾಡೂಣಂತ.”