ಗಿಡ್ಡ ಮಾವನ ಯುದ್ಧವಿಮಾನ

ನನ್ನ ಸೋದರಮಾವನನ್ನು ಬೀದಿಯವರೆಲ್ಲ ‘ಗಿಡ್ಡ’ ಎಂದೇ ಕರೆಯುತ್ತಿದ್ದರು. ದರ್ಜಿಯ ಮಗ. ತಾತನ ಅಂಗಡಿಯ ಮೇಲಿದ್ದ ಒಂದೇ ಕೋಣೆಯಲ್ಲಿ ಅವನೂ ನನ್ನ ಅಮ್ಮನೂ ಬೆಳೆದವರು. ಯುದ್ಧ ಶುರುವಾಗಿ, ವಾಯುಪಡೆಗೆ ಹುಡುಗರು ಬೇಕು ಎಂಬ ಪೋಸ್ಟರು ಎದುರು ಗೋಡೆಗೆ ಅಂಟಿದ ದಿನವೇ ಮಾವ ಅರ್ಧ ಹೊಲಿದ ಕೋಟನ್ನು ಮೆಷಿನ್ನಿನ ಮೇಲೆ ಬಿಟ್ಟು ಎದ್ದು ಹೋದ.

ಎತ್ತರ ಅಳೆಯುತ್ತಿದ್ದ ಅಧಿಕಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನೋಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಏನಯ್ಯಾ, ನಿನ್ನ ಕಾಲು ವಿಮಾನದ ಪೆಡಲ್‌ಗೆ ಎಟುಕುತ್ತಾ?”

“ಹೊಲಿಗೆ ಮೆಷಿನ್ ಪೆಡಲ್‌ಗೆ ಏಳನೇ ವಯಸ್ಸಲ್ಲೇ ಎಟುಕಿಸ್ದೋನು ಸಾರ್ ನಾನು. ಇದ್ಯಾವ ಲೆಕ್ಕ?”

ಅಧಿಕಾರಿ ನಗು ತಡೆಯಲಾರದೆ ಅವನನ್ನು ಕಣ್ಣಿನ ಪರೀಕ್ಷೆಗೆ ಕಳುಹಿಸಿದ. ಅಲ್ಲಿ ಮಾವ ಹಲಗೆಯ ಕೊನೆಯ ಸಾಲನ್ನಷ್ಟೇ ಅಲ್ಲ, ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿ ಒಪ್ಪಿಸಿದ. ಡಾಕ್ಟರು ಮೊಹರು ಒತ್ತಿದರು.

ತರಬೇತಿಯಲ್ಲಿ ಒಂದು ದಿನ, ಇಬ್ಬರು ಕೂರುವ ವಿಮಾನ ನೆಲಕ್ಕಿಳಿದು ನಿಂತಾಗ ಕಲಿಸುವ ಮೇಷ್ಟ್ರು ಬೆಲ್ಟು ಬಿಚ್ಚಿ ಕೆಳಗಿಳಿದೇಬಿಟ್ಟರು. “ಹೋಗು, ಒಬ್ಬನೇ ಒಂದು ಸುತ್ತು ಹಾಕ್ಕೊಂಡು ಬಾ” ಎಂದರು. ಚಕ್ರ ನೆಲ ಬಿಟ್ಟಿತು, ವಿಮಾನ ನಿಲ್ಲಿಸುವ ಹ್ಯಾಂಗರಿನ ತಗಡಿನ ಸೂರು ಕೆಳಗೆ ಜಾರಿತು. ಆಗ ಅವನ ಬಾಯಿಂದ ಒಂದು ಕೇಕೆ ಹೊರಟಿತಂತೆ. ಇಳಿಯುವವರೆಗೂ ಅದು ನಿಲ್ಲಲಿಲ್ಲ.

ಯುದ್ಧವಿಮಾನ ಕೈಗೆ ಬಂದಾಗ ಹೊಸ ತೊಂದರೆ ಎದುರಾಯಿತು. ಅದರ ಮೂತಿ ಉದ್ದ. ಕೂತರೆ ಮಾವನಿಗೆ ಮುಂದಿನದೇನೂ ಕಾಣದು. ಆ ವಿಮಾನಗಳಲ್ಲಿ ಪೈಲಟ್ ಕೂರುತ್ತಿದ್ದುದೇ ಮಡಚಿಟ್ಟ ಪ್ಯಾರಾಚೂಟಿನ ಮೇಲೆ. ಮಾವ ನೇರ ಪ್ಯಾರಾಚೂಟ್ ಮಡಚುವ ಶೆಡ್ಡಿಗೆ ಹೋದ. ಉದ್ದನೆಯ ಮೇಜಿನ ಮೇಲೆ ಬಿಳಿ ರೇಷ್ಮೆ ಹರಡಿ, ಹಗ್ಗಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ ಹೆಂಗಸಿನ ಮುಂದೆ ನಿಂತು, “ಸ್ವಲ್ಪ ದಪ್ಪಗೆ ಮಡಚಿ ಕೊಡ್ತೀರಾ? ಕೂತರೆ ಎತ್ತರ ಸಾಲ್ತಿಲ್ಲ” ಎಂದ.

ಆಕೆ ತಲೆ ಎತ್ತದೆ ಹೇಳಿದಳು: “ಇದು ದಿಂಬಲ್ಲ ಸ್ವಾಮಿ. ದಪ್ಪಗೆ ಮಡಚಿದ್ರೆ ಬಿಚ್ಕೊಳ್ಳಲ್ಲ. ಬಿಚ್ಕೊಳ್ಳದಿದ್ರೆ ನೀವು ಈಗಿರೋದಕ್ಕಿಂತ ಇನ್ನೂ ಗಿಡ್ಡ ಆಗ್ತೀರ.”

ಮಾವ ಬಾಲ ಮುದುರಿಕೊಂಡು ಹೊರಬಂದ. ಕೊನೆಗೆ ತಾತನೇ ಹತ್ತಿ ತುಂಬಿ ಒಂದು ಗಟ್ಟಿ ದಿಂಬು ಹೊಲಿದು ಕಳುಹಿಸಿದ. ಪ್ಯಾರಾಚೂಟಿನ ಮೇಲೆ ದಿಂಬು, ದಿಂಬಿನ ಮೇಲೆ ಮಾವ!

ಒಂದು ಬೆಳಿಗ್ಗೆ ಎಚ್ಚರಿಕೆಯ ಗಂಟೆ ಬಡಿದುಕೊಂಡಿತು. ಶತ್ರುಗಳ ಬಾಂಬರ್ ವಿಮಾನಗಳು ನದಿಯ ರೈಲು ಸೇತುವೆಯತ್ತ ಬರುತ್ತಿದ್ದವು. ಗಾಯಾಳುಗಳನ್ನು ತುಂಬಿಕೊಂಡ ರೈಲೊಂದು ಅದೇ ಹೊತ್ತಿಗೆ ಆ ಸೇತುವೆ ದಾಟಬೇಕಿತ್ತು. ಮಾವನೂ ಸೇರಿ ನಾಲ್ವರು ಎದ್ದೆವೋ ಬಿದ್ದೆವೋ ಎಂದು ಓಡಿ ವಿಮಾನ ಏರಿದರು. ದಳದ ನಾಯಕನನ್ನು ಎಲ್ಲರೂ ‘ಅಣ್ಣ’ ಎನ್ನುತ್ತಿದ್ದರು. ಅಣ್ಣ ಅವರನ್ನು ಸೂರ್ಯನ ಕಡೆಗೆ ಏರಿಸಿದ. ಅಲ್ಲಿಂದ ಎರಗಿದರೆ ಶತ್ರುವಿನ ಕಣ್ಣು ಕೋರೈಸುತ್ತದೆ.

“ಈಗ!” ಎಂದ ಅಣ್ಣ, ರೇಡಿಯೋದಲ್ಲಿ.

ಮಾವ ಮೂತಿ ಕೆಳಗೆ ಮಾಡಿ ಧುಮುಕಿದ. ಮುಂದಿದ್ದ ಬಾಂಬರು ಅಂಗೈಯಷ್ಟಿದ್ದದ್ದು ಬಾಗಿಲಿನಷ್ಟಾಯಿತು, ಮನೆಯಷ್ಟಾಯಿತು. ಅವನು ಗುಂಡಿ ಒತ್ತಿದ. ಬಂದೂಕುಗಳ ಅಬ್ಬರಕ್ಕೆ ಇಡೀ ವಿಮಾನ ಗಡಗಡ ನಡುಗಿತು. ಬಾಂಬರಿನ ಎಂಜಿನ್ನಿನಿಂದ ಕಪ್ಪು ಹೊಗೆ ನುಗ್ಗಿತು. ಅದು ಹೊತ್ತು ತಂದಿದ್ದನ್ನೆಲ್ಲ ಹೊಳೆಗೆ ಸುರಿದು ತಿರುಗಿ ಓಡಿತು. ನೀರು ಗೋಪುರದಂತೆ ಎದ್ದಿತು. ಅದರ ಪಕ್ಕದಲ್ಲೇ ರೈಲು ಸೇತುವೆ ದಾಟುತ್ತಿತ್ತು!

“ಗಿಡ್ಡಾ, ಎಡಕ್ಕೆ! ನಿನ್ನ ಹಿಂದೊಬ್ಬ ಇದಾನೆ!” ಎಂದು ಅಣ್ಣ ಕೂಗಿದ.

ಮಾವ ತಿರುಗಿಸುವಷ್ಟರಲ್ಲಿ ರೆಕ್ಕೆಯಲ್ಲಿ ತೂತುಗಳ ಸಾಲು ಬಿತ್ತು. ಕಾಲಬಳಿ ಬೆಂಕಿ. ಅವನು ಮೇಲಿನ ಗಾಜು ಸರಿಸಿ, ಬೆಲ್ಟು ಕಿತ್ತು, ವಿಮಾನವನ್ನು ತಲೆಕೆಳಗು ಮಾಡಿ ಉದುರಿಬಿದ್ದ. ದಿಂಬು ಒಂದು ಕಡೆ, ಅವನೊಂದು ಕಡೆ. ಪ್ಯಾರಾಚೂಟಿನ ಉಂಗುರ ಎಳೆದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಯಾರೋ ಭುಜ ಹಿಡಿದು ಎತ್ತಿದಂತಾಯಿತು. ನೆತ್ತಿಯ ಮೇಲೆ ಬೆಳ್ಳನೆಯ ಕೊಡೆ ಅರಳಿತ್ತು.

ಇಳಿದದ್ದು ಆಲೂಗಡ್ಡೆ ಹೊಲದಲ್ಲಿ. ಗುದ್ದಲಿ ಹಿಡಿದವರು ನಾಲ್ಕೂ ಕಡೆಯಿಂದ ಓಡಿಬಂದರು.

“ಹೊಡೀಬೇಡ್ರಪ್ಪಾ! ನಾನು ನಿಮ್ಮೋನೇ!”

“ನಮ್ಮೋನಾದ್ರೆ ವಿಮಾನ ಎಲ್ಲಿ?” ಎಂದಳು ಮುಂದಿದ್ದ ಮುದುಕಿ.

“ಅಲ್ಲಿ ಉರೀತಿದೆಯಲ್ಲ ಅಜ್ಜಿ, ಅದೇ.”

ಅಜ್ಜಿ ಗುದ್ದಲಿ ಕೆಳಗಿಟ್ಟು ಅವನ ಕೆನ್ನೆ ಸವರಿದಳು.

ಸಂಜೆ ಮಾವ ಕೆಸರು ಬೂಟಿನಲ್ಲೇ ಶೆಡ್ಡಿಗೆ ನುಗ್ಗಿದ. “ಬಿಚ್ಕೊಳ್ತು ಕಣ್ರೀ!” ಎಂದು ಕೂಗಿದ. ಹೇಳಬೇಕೆಂದಿದ್ದ ಬೇರೆ ಮಾತೆಲ್ಲ ಮರೆತುಹೋಗಿತ್ತು.

ಆಕೆ ಅವನ ಮುಖ ನೋಡಿದಳು. ಕೈಲಿದ್ದ ಹಗ್ಗ ಜಾರಿತು. “ನಾನು ಮಡಚಿದ್ದು ಬಿಚ್ಕೊಳ್ದೆ ಇರುತ್ತಾ?” ಎಂದವಳೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟಳು. ಹಿಂದಿನ ವಾರವೆಲ್ಲ ಎಷ್ಟೋ ಹುಡುಗರು ವಾಪಸು ಬಂದಿರಲಿಲ್ಲ. ಪ್ಯಾರಾಚೂಟು ಬಿಚ್ಚಿಕೊಂಡಿತೆಂದು ಬಂದು ಹೇಳಿದವನು ಇವನೊಬ್ಬನೇ. ಅವಳೇ ನನ್ನ ಅತ್ತೆ.

ಆ ಚಳಿಗಾಲದಲ್ಲಿ ಅಣ್ಣನೂ ಹಿಂತಿರುಗಲಿಲ್ಲ. ಮಾವ ಊಟದ ಕೋಣೆಯಲ್ಲಿ ಅವನ ಕುರ್ಚಿಯ ಕಡೆ ಬೆನ್ನು ಹಾಕಿ ಕೂರುತ್ತಿದ್ದನಂತೆ. ದಳವನ್ನು ಮಾವನ ಕೈಗೇ ಕೊಟ್ಟರು. ಹೊಸ ಹುಡುಗರಿಗೆ ಅವನು ಮೊದಲು ಕಲಿಸಿದ್ದು ಹಿಂದೆ ತಿರುಗಿ ನೋಡುವುದನ್ನು. ಕತ್ತು ಉಜ್ಜಿ ಗಾಯವಾಗಬಾರದೆಂದು ಎಲ್ಲರ ಕಾಲರಿಗೂ ತಾನೇ ಮೆತ್ತನೆಯ ಬಟ್ಟೆ ಹೊಲಿದುಕೊಟ್ಟ. ಯುದ್ಧ ಮುಗಿಯುವ ಹೊತ್ತಿಗೆ ಆ ಹುಡುಗರಲ್ಲಿ ಹೆಚ್ಚಿನವರು ಬದುಕಿದ್ದರು. ತನಗೆ ಸಿಕ್ಕ ಪದಕದ ಮಾತು ಬಂದರೆ ಮಾವ ಈ ಸಂಗತಿಯನ್ನೇ ಹೇಳುತ್ತಿದ್ದ.

ಆಮೇಲೆ ಅವನು ಊರಾಚೆಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೇಷ್ಟ್ರಾದ. ಮದುವೆಯಾಗಿ ಬಹಳ ವರ್ಷವಾದ ಮೇಲೆ ಒಂದು ಭಾನುವಾರ ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತಳು. “ಊರಿನವರನ್ನೆಲ್ಲ ಮೇಲೆ ಕರ್ಕೊಂಡು ಹೋಗ್ತೀರ. ನಾನೇನು ಪಾಪ ಮಾಡಿದ್ದೆ?”

ಅಂದು ನಾನೂ ಅಮ್ಮನೂ ಹುಲ್ಲಿನ ಮೇಲೆ ನಿಂತು ನೋಡಿದೆವು. ಪುಟ್ಟ ಹಳದಿ ವಿಮಾನ ಆಕಾಶದಲ್ಲಿ ಒಂದು ಪೂರ್ತಿ ಲಾಗ ಹಾಕಿತು. ಅಮ್ಮ ಕಣ್ಣು ಮುಚ್ಚಿಕೊಂಡು, “ಅಯ್ಯೋ, ಅತ್ತಿಗೆ ಕಥೆ ಮುಗೀತು!” ಎಂದಳು. ವಿಮಾನ ಇಳಿಯಿತು. ಅತ್ತೆಯ ಜಡೆ ಬಿಚ್ಚಿಹೋಗಿತ್ತು, ಮುಖ ಕೆಂಪೇರಿತ್ತು.

“ಇನ್ನೊಂದ್ಸಲ! ಈ ಸಲ ಓಡಿಸೋ ಸ್ಟಿಕ್ ನನ್ನ ಕೈಗೆ ಕೊಡಿ!” ಎಂದಳು.

ಮರುವಾರವೇ ಕ್ಲಬ್ಬಿಗೆ ಸೇರಿದಳು. ಗಂಡನೇ ಮೇಷ್ಟ್ರು, ಮೇಲೆ ಶುರುವಾದ ಜಗಳ ಅಡುಗೆಮನೆಯವರೆಗೂ ಬರುತ್ತಿತ್ತು. ಆದರೂ ಮೊದಲ ಪ್ರಯತ್ನದಲ್ಲೇ ಅವಳಿಗೆ ಲೈಸೆನ್ಸು ಸಿಕ್ಕಿತು. ಆ ದಿನ ಮಾವ ಬೀದಿಯ ಪ್ರತಿ ಬಾಗಿಲನ್ನೂ ತಟ್ಟಿ, “ಕೇಳಿದ್ರಾ? ನಮ್ಮನೇಲಿ ಈಗ ಇಬ್ಬರು ಪೈಲಟ್‌ಗಳು!” ಎಂದು ಸಾರಿ ಬಂದ.