ಹಳೆಯ ಡಬ್ಬಿಗೆ ಕೈ ಹಾಕುವವರು ಯಾರು?

ನನ್ನ ಸೊಸೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ಉಗ್ರಾಣದ ಕಪಾಟು ಬದಲಾಯಿಸ್ತಾಳೆ" ಎನ್ನುತ್ತೇನೆ. ಆಸ್ಪತ್ರೆಯ ರೋಗಿಗಳ ವಿವರವೆಲ್ಲ ಡೇಟಾಬೇಸ್ ಎಂಬ ಉಗ್ರಾಣದಲ್ಲಿ ಇರುತ್ತದಂತೆ. ಅಲ್ಲಿನ ಖಾನೆಗಳನ್ನು ಆಗಾಗ ಹೊಸದಾಗಿ ಜೋಡಿಸಬೇಕು. ಹಾಗಂತ ಆಸ್ಪತ್ರೆಗೆ ಬೀಗ ಹಾಕಲಾದೀತೇ?

ಒಮ್ಮೆ ಅವಳ ಸಹೋದ್ಯೋಗಿಯೊಬ್ಬ ಫೋನ್ ನಂಬರುಗಳನ್ನು ಹೊಸ ಖಾನೆಗೆ ಸಾಗಿಸಿ, ಹಳೆಯದನ್ನು ಅಳಿಸಿಯೇಬಿಟ್ಟ. ಚೀಟಿ ಕೊಡುವ ಪ್ರೋಗ್ರಾಂ ಪಾಪ, ಇನ್ನೂ ಹಳೆಯ ಖಾನೆಯಲ್ಲೇ ತಡಕಾಡುತ್ತಿತ್ತು. ಅದು ಕೆಟ್ಟು ಕೂತಿತು, ರೋಗಿಗಳ ಸಾಲು ಬೀದಿಗೆ ಬಂತು. ನಾನಾಗಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದೆ. ಇವಳು ಫೋನಿನಲ್ಲಿ ತಣ್ಣಗೆ, "ಹಳೇದನ್ನ ವಾಪಸ್ ಇಡಿ, ಹೊಸದೂ ಇರ್ಲಿ. ಎರಡ್ರಲ್ಲೂ ತುಂಬ್ತಾ ಹೋಗಿ. ಹಳೇದಕ್ಕೆ ಯಾರೂ ಕೈ ಹಾಕ್ತಿಲ್ಲ ಅಂತ ಖಾತ್ರಿ ಆದ್ಮೇಲೆ ತೆಗೆಯೋಣ" ಎಂದಳು.

ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ! ಅದೇ ಭಾನುವಾರ ನಮ್ಮ ಅಡುಗೆಮನೆಯನ್ನು ಒಂದೇ ಏಟಿಗೆ ಹೊಸದಾಗಿ ಜೋಡಿಸಿಬಿಟ್ಟಳು. ನನಗೋ ಕಣ್ಣು ಮಂಜು. ಅಲ್ಲಿ ನನ್ನ ಕೈಯೇ ನನಗೆ ಕಣ್ಣು. ಸಕ್ಕರೆಯ ಜಾಗದಲ್ಲಿ ಉಪ್ಪು ಕೂತಿದ್ದು ನನಗೇನು ಗೊತ್ತು? ಚಹಾ ಬಾಯಿಗಿಟ್ಟ ಮಗ ಥೂ ಎಂದು ಉಗಿದ.

"ಅಮ್ಮ, ಇನ್ಮೇಲೆ ನೀನು ಒಲೆ ಹತ್ರ ಬರ್ಬೇಡ, ಸುಮ್ನೆ ಕೂತ್ಕೋ" ಎಂದ.

ಅಡುಗೆಮನೆ ಕೈತಪ್ಪಿದರೆ ಈ ಮನೆಯಲ್ಲಿ ನಾನು ಬರೀ ಅತಿಥಿ.

ಸೊಸೆ ಹಣೆ ಚಚ್ಚಿಕೊಂಡಳು. "ತಪ್ಪು ನಂದು ಅತ್ತೆ. ಆಫೀಸಲ್ಲಿ ಎಲ್ರಿಗೂ ಹೇಳೋಳು ಮನೇಲಿ ಮರ್ತುಬಿಟ್ಟೆ."

ಹಳೆಯ ಡಬ್ಬಿಗಳು ಹಳೆಯ ಜಾಗಕ್ಕೆ ಮರಳಿದವು. ಹೊಸ ಜಾಗದಲ್ಲೂ ಅಂಥವೇ ಬಂದವು. ಹೀಗೆ ಉಪ್ಪು ಎರಡು ಕಡೆ, ಸಕ್ಕರೆ ಎರಡು ಕಡೆ. ಪ್ರತಿ ಹಳೆಯ ಮುಚ್ಚಳದ ಮೇಲೆ ಒಂದು ಕಾಳುಮೆಣಸು ಇಟ್ಟಳು. ಅದು ಬಿದ್ದಿದ್ದರೆ ಯಾರೋ ಕೈ ಹಾಕಿದ್ದಾರೆ ಎಂದರ್ಥ. ಆಫೀಸಿನಲ್ಲೂ ಹಳೆಯ ಖಾನೆಗೆ ಇಂಥದೊಂದು ಕಾವಲು ಇರುತ್ತದಂತೆ.

ನನ್ನ ಕೈ ನಿಧಾನವಾಗಿ ಹೊಸ ಜಾಗ ಕಲಿಯಿತು. ಕಾಳು ಬೀಳದ ಹಳೆಯ ಡಬ್ಬಿಗಳು ಒಂದೊಂದಾಗಿ ಹೋದವು. ಸಕ್ಕರೆ ಡಬ್ಬಿಯ ಕಾಳು ಮಾತ್ರ ದಿನವೂ ಬೀಳುತ್ತಿತ್ತು.

"ನೋಡಿದ್ಯಾ? ಅಮ್ಮನ ಕೈಲಿ ಆಗಲ್ಲ ಅಂದಿದ್ನಲ್ಲ" ಎಂದ ಮಗ.

ನಾನು ಮುಟ್ಟಿಲ್ಲ ಎಂದರೆ ನಂಬುವವರು ಯಾರು? ಸೊಸೆ ಮಾತ್ರ, "ಆಫೀಸಲ್ಲಿ ಅಳಿಸೋಕೆ ಮುಂಚೆ ಒಂದ್ಸಲ ಬಚ್ಚಿಡ್ತೀವಿ ಅತ್ತೆ. ಬೇಕಾದವರು ತಾವೇ ಕೂಗ್ತಾರೆ" ಎಂದು ಆ ಡಬ್ಬಿಯನ್ನು ಕಪಾಟಿನೊಳಗೆ ಸೇರಿಸಿದಳು.

ಮರುದಿನ ನಾವಿಬ್ಬರೂ ಹೊರಗೆ ಕೂತು ಚಹಾ ಕುಡಿಯುತ್ತಿದ್ದೆವು. ಒಳಗಿನಿಂದ ಕೂಗು ಬಂತು.

"ಸಕ್ಕರೆ ಡಬ್ಬಿ ಎಲ್ಲೋಯ್ತೇ? ಇಲ್ಲೇ ಇತ್ತಲ್ಲ!"

ನನ್ನ ಮಗ! ತನ್ನ ಕೈ ದಿನವೂ ಹಳೆಯ ಜಾಗಕ್ಕೇ ಹೋಗುತ್ತಿದ್ದುದು ಅವನಿಗೇ ಗೊತ್ತಿರಲಿಲ್ಲ. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಾನು ಎದ್ದು ಒಳಗೆ ಹೋದೆ. ಹೊಸ ಜಾಗಕ್ಕೆ ನೇರ ಕೈ ಹಾಕಿ, ಅವನ ಲೋಟಕ್ಕೆ ಒಂದು ಚಮಚ ಸಕ್ಕರೆ ಹಾಕಿ ಕಲಕಿದೆ.

"ಇನ್ಮೇಲೆ ನೀನು ಒಲೆ ಹತ್ರ ಬರ್ಬೇಡಪ್ಪ, ಸುಮ್ನೆ ಕೂತ್ಕೋ" ಎಂದೆ.